ಮೇಣದಪ್ಪನ ಮಚ್ಚೆ

ಕತ್ತಿನ ಹಿಂದಿನ ಮಚ್ಚೆ ಯಾಕೋ ದಪ್ಪಗಾಗಿದೆ ಎಂದು ಹೆಂಡತಿ ಹೇಳಿದ್ದೇ ತಪ್ಪಾಯಿತು. ಮೇಣದಪ್ಪ ಮೊನ್ನೆ ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅದನ್ನು ತೆಗೆಸಿಕೊಂಡ. ರೋಗಿಗಳ ಮೈಯಿಂದ ತೆಗೆದ ಅಂಗಾಂಶದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ರೋಗ ಪತ್ತೆಹಚ್ಚುವ ಡಾಕ್ಟರಮ್ಮನಿಗಾಗಿ ಗಾಜಿನ ಮೇಲೆ ಕೂರಿಸುವುದು ಅವನ ಕೆಲಸ. ಹೆಸರೂ ಅದರಿಂದಲೇ ಅಂಟಿಕೊಂಡದ್ದು. ಇಪ್ಪತ್ತು ವರ್ಷ ಊರವರ ಚೂರುಗಳನ್ನೆಲ್ಲ ಹಾಡು ಗುನುಗುತ್ತಾ ಕೊಯ್ದವನು ಇವತ್ತು ತನ್ನದೇ ಚೂರಿನ ಮುಂದೆ ಹೊಸದಾಗಿ ಸೈಕಲ್ ಹತ್ತಿದವನ ಹಾಗೆ ತಡವರಿಸುತ್ತಿದ್ದ.

"ಇಲ್ಲಿ ಕೊಡೋ, ನಾನು ಮಾಡ್ತೀನಿ," ಎಂದಳು ಪಕ್ಕದ ಮೇಜಿನ ಹಿರಿಯಕ್ಕ.

"ಬೇಡಕ್ಕಾ. ನನ್ನ ಚರ್ಮ, ನಾನೇ ನೋಡ್ಕೋತೀನಿ."

ಅಚ್ಚಿಗೆ ಬಿಸಿ ಮೇಣ ಸುರಿದು, ಕಾಳುಮೆಣಸಿನಷ್ಟಿದ್ದ ಚೂರನ್ನು ಚಿಮಟದಲ್ಲಿ ಹಿಡಿದು ಇಳಿಸಿದ.

"ಮಲಗಿಸ್ಬೇಡ್ವೋ, ಅಂಚಿನ ಮೇಲೆ ನಿಲ್ಲಿಸು, ಚರ್ಮದ ಪದರ ಎಲ್ಲಾ ಕಾಣ್ಬೇಕು!"

ನಿಲ್ಲಿಸಿದ. ಬಿತ್ತು. ಮತ್ತೆ ನಿಲ್ಲಿಸಿದ. ಮತ್ತೆ ಬಿತ್ತು. ಅಷ್ಟರಲ್ಲಿ ವರದಿ ಬರೆಯುವ ಗುಮಾಸ್ತ ಬಾಗಿಲಲ್ಲಿ ಹಾಜರಾದ. "ನಮ್ಮ ಸೋದರತ್ತೆಗೂ ಹೀಗೇ ಸಣ್ಣ ಮಚ್ಚೆಯಿಂದ್ಲೇ ಶುರುವಾಗಿದ್ದು."

"ಆಮೇಲೆ?"

"ಆಮೇಲೇನು... ಬಿಡಿ, ನೀವು ಕೆಲಸ ಮಾಡಿ."

ಮೇಣದಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಚೂರು ಮಾತ್ರ ನೆಟ್ಟಗೆ ನಿಂತುಬಿಟ್ಟಿತು.

ಮೇಣ ಗಟ್ಟಿಯಾದ ಮೇಲೆ ಕೊಯ್ಯುವ ಯಂತ್ರದ ಚಕ್ರ ತಿರುಗಿಸಿದ. ತೆಳ್ಳನೆಯ ಪಟ್ಟಿ ಹೊರಬಂತು. ಬೆಚ್ಚನೆಯ ನೀರಿನಲ್ಲಿ ತೇಲಿಬಿಟ್ಟು, ಸದ್ಯ ಎಂದು ನಿಟ್ಟುಸಿರುಬಿಟ್ಟ. ಆ ಉಸಿರಿಗೇ ಪಟ್ಟಿ ಹಿಂಡಿದ ಬಟ್ಟೆಯ ಹಾಗೆ ಮುದುಡಿಕೊಂಡಿತು. ಇನ್ನೊಂದು ಕೊಯ್ದ, ಅದನ್ನು ಎತ್ತುವಾಗ ಹೆಂಡತಿಯ ಫೋನು ಬಂದು ಪಟ್ಟಿ ಹರಿದುಹೋಯಿತು.

"ಏನಾಯ್ತು ರೀ?"

"ಇನ್ನೂ ತೇಲ್ತಾ ಇದೀನಿ ಕಣೆ!"

ಚೂರು ಮುಕ್ಕಾಲು ಸವೆದ ಮೇಲೆ, ಉಸಿರು ಬಿಗಿಹಿಡಿದು, ಅಂತೂ ಒಂದು ಪದರವನ್ನು ಗಾಜಿನ ಮೇಲೆ ಕೂರಿಸಿದ. ಬಣ್ಣ ಹಾಕಿ ಡಾಕ್ಟರಮ್ಮನ ಮುಂದಿಟ್ಟ. ಹಿಂದೆಯೇ ಅಕ್ಕ, ಅಕ್ಕನ ಹಿಂದೆ ಗುಮಾಸ್ತ.

ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ಇಣುಕಿದರು. "ಭೇಷ್! ಎಷ್ಟು ಚೆನ್ನಾಗಿ ಕೊಯ್ದಿದ್ದೀರಿ! ಆರೋಗ್ಯವಾದ ಚರ್ಮ. ಒಂಚೂರೂ ತೊಂದರೆ ಇಲ್ಲ."

ಮೇಣದಪ್ಪನಿಗೆ ಹೋದ ಜೀವ ಬಂತು. ಅಕ್ಕ ಬೆನ್ನು ತಟ್ಟಿದಳು. ಗುಮಾಸ್ತನಿಗೆ ಕೊಂಚ ನಿರಾಸೆಯಾದಂತಿತ್ತು.

ಡಾಕ್ಟರಮ್ಮ ಇನ್ನೂ ತಲೆ ಎತ್ತಿರಲಿಲ್ಲ. "ಅಲ್ರೀ, ತೆಗೆಯೋವಾಗ ಅಲ್ಲಾಡಿದ್ರಾ?"

"ಸೂಜಿ ಕಂಡು ಸ್ವಲ್ಪ ಜಿಗಿದೆ ಮೇಡಂ. ಯಾಕೆ?"

"ಚರ್ಮ ಇದೆ, ಮಚ್ಚೆ ಎಲ್ಲೂ ಕಾಣಿಸ್ತಿಲ್ಲ. ಎಲ್ಲಿ, ತಿರುಗಿ."

ಕತ್ತಿನ ಬ್ಯಾಂಡೇಜ್ ಬಿಚ್ಚಿದರು. ಮೂವರೂ ಬಗ್ಗಿ ನೋಡಿದರು.

"ಏನಕ್ಕಾ? ಹೊಲಿಗೆ ಬಿಟ್ಟಿದೆಯಾ?"

"ಹೊಲಿಗೆ ಚೆನ್ನಾಗಿದೆಯಪ್ಪಾ," ಎಂದಳು ಅಕ್ಕ. "ಅದರ ಪಕ್ಕದಲ್ಲಿ ಮಚ್ಚೇನೂ ಚೆನ್ನಾಗಿದೆ."