ಹಾಡುಗಾರ ಸತ್ತ ದಿನ ಬಂದ ರೊಟ್ಟಿ

ಆಗ ನನಗೆ ನಲವತ್ತು. ಈ ಮಾತಿಗೆ ಮೂವತ್ತು ವರ್ಷ ದಾಟಿತು. ನಾನು ಕಲಿತದ್ದು ಎರಡನೆಯ ಇಯತ್ತೆ, ಅದೂ ಅರ್ಧ. ಇಂಗ್ಲಿಷ್ ಹಾಡಿನ ಬಗ್ಗೆ ಬರೆಯಲು ಅಷ್ಟು ಸಾಕು. ಅದನ್ನು ಹಗಲೆಲ್ಲ ಕೇಳುತ್ತಿದ್ದ ನನ್ನ ಮಗನಿಗೂ ಶಬ್ದ ತಿಳಿಯುತ್ತಿರಲಿಲ್ಲ. ಹೊಟ್ಟೆನೋವು ಬಂದವನೊಬ್ಬ ಬಾಗಿಲು ಹಾಕಿಕೊಂಡು ಒದರುತ್ತಿದ್ದ, ಹಿಂದೆ ಯಾರೋ ತಗಡು ಬಡಿಯುತ್ತಿದ್ದರು. ನನಗೆ ಕೇಳಿಸುತ್ತಿದ್ದುದು ಇಷ್ಟೇ.

ಮಗ ಮಲ್ಲೇಶನಿಗೆ ಈಗ ರೋಣದಲ್ಲಿ ಮೋಟಾರ್ ರಿಪೇರಿ ಅಂಗಡಿ ಇದೆ. ಅವನ ಕಾಲೇಜಿನ ಗೆಳೆಯರಲ್ಲಿ ಸುರೇಶ ಜಕ್ಕಲಿಯಲ್ಲಿ ಮಾಸ್ತರ, ವೀರಣ್ಣ ನರೇಗಲ್ಲಿನಲ್ಲಿ ಬೀಜ ಗೊಬ್ಬರ ಮಾರುತ್ತಾನೆ. ಮೂವರಿಗೂ ಐವತ್ತು ದಾಟಿದೆ. ಆ ಕಾಲದಲ್ಲಿ ಇವರ ವೇಷ ನೋಡಬೇಕಿತ್ತು. ಚಳಿದೇಶದವರು ಹಾಕುವ ದಪ್ಪ ಚೌಕಳಿ ಅಂಗಿಯನ್ನು ನಮ್ಮ ಬಿಸಿಲಿನಲ್ಲಿ ಹಾಕಿಕೊಂಡು ಬೆವರು ಸುರಿಸುತ್ತಿದ್ದರು. ಪ್ಯಾಂಟು ಮೊಣಕಾಲಿನಲ್ಲಿ ಹರಿದಿರುತ್ತಿತ್ತು. ಮಗ ಹರಕು ಬಟ್ಟೆ ಹಾಕುತ್ತಾನಲ್ಲ ಎಂದು ನಾನು ಒಮ್ಮೆ ಕುಬಸದ ಹಸಿರು ಕಣದ ತುಂಡು ಹಚ್ಚಿ ಹೊಲಿದುಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದರೆ, ಮರುವಾರ ಇನ್ನಿಬ್ಬರೂ ತಮ್ಮ ಪ್ಯಾಂಟು ತಂದು, "ಯವ್ವಾ, ನಮಗೂ ಹಂಗ ಹಚ್ಚಿಕೊಡು" ಎಂದು ಕೂತರು.

ಹೋದ ರವಿವಾರ ಮೂವರೂ ನಮ್ಮ ಪಡಸಾಲೆಯಲ್ಲಿ ಸೇರಿ, ಮೊಬೈಲಿನಲ್ಲಿ ಆ ಹಳೆಯ ಹಾಡು ಹಚ್ಚಿ ತಲೆ ಆಡಿಸತೊಡಗಿದರು. ಆಗ ಕೂದಲು ಹಾರುತ್ತಿತ್ತು. ಈಗ ಸುರೇಶನ ಬೋಳುತಲೆ ಹೊಳೆಯಿತು, ಅಷ್ಟೇ. ಅವನೇ ಮಾತು ತೆಗೆದ. "ಖರೇ ಹೇಳಬೇಕಂದ್ರ ನಮಗ ಒಂದು ಶಬ್ದಾನೂ ತಿಳೀತಿದ್ದಿಲ್ಲಲೇ. ಆ ಹಾಡಾಂವ ಸತ್ತ ದಿನ ಅತ್ತಿದ್ದೂ ನಾಟಕನ."

ಮಲ್ಲೇಶ ಹಾಡು ನಿಲ್ಲಿಸಿದ. "ನೀ ನಾಟಕ ಮಾಡಿರಬೇಕು. ನಾ ಮಾಡಿಲ್ಲ."

"ಬಿಡ್ರೆಪಾ, ಚಾ ಆರಾಕತ್ತೈತಿ," ಎಂದ ವೀರಣ್ಣ.

ಮಲ್ಲೇಶ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಯವ್ವಾ, ಆವತ್ತ ನೀ ಇದ್ದಿ. ನೀನ ಹೇಳು, ನಾವು ಖರೇ ಅತ್ವೋ ಏನು?" ಎಂದ. ನರೆತ ಮೀಸೆಯವನ ಮುಖ ಪರೀಕ್ಷೆಯ ರಿಸಲ್ಟ್ ಕೇಳುವ ಹುಡುಗನ ಹಾಗಿತ್ತು. ಅವನು ಹರೆಯದಲ್ಲಿ ಮನಸಿಟ್ಟು ಮಾಡಿದ ಕೆಲಸ ಅದೊಂದೇ. ಅದನ್ನೂ ಸುಳ್ಳೆಂದರೆ ಹೇಗೆ?

ಹಾಡುಗಾರ ಸತ್ತ ಸುದ್ದಿ ಬಂದದ್ದು ಒಂದು ಬೇಸಿಗೆಯ ಮಧ್ಯಾಹ್ನ. ವೀರಣ್ಣ ಹುಬ್ಬಳ್ಳಿಯಿಂದ ಪೇಪರು ತಂದ. ಮೂವರೂ ಕ್ಯಾಸೆಟ್ ಹಚ್ಚಿ ಗೋಡೆಗೆ ಒರಗಿ ಕೂತು ಅಳತೊಡಗಿದರು.

"ಯಾರ ಸತ್ತರೋ?" ಎಂದೆ.

"ಹಾಡಾಂವ ಸತ್ತನಬೇ."

"ಯಾ ಊರಾಂವ?"

"ಅಮೇರಿಕಾದಾಂವ."

"ನಮಗ ಏನಾಗಬೇಕು?"

ಮಲ್ಲೇಶ ಮೊಣಕಾಲಿನಲ್ಲಿ ಮುಖ ಹುದುಗಿಸಿ ಅತ್ತ. ಏನಾದರೂ ಆಗಲಿ, ಸಾವಿನ ಸುದ್ದಿ ಕೇಳಿದ ಮೇಲೆ ತಲೆಗೆ ನೀರು ಹಾಕಿಕೊಳ್ಳಬೇಕು. ನೀರು ಕಂಡು ಎಷ್ಟೋ ದಿನವಾಗಿದ್ದ ಮೂರು ತಲೆ ನನ್ನೆದುರಿಗಿದ್ದವು. ಇಂಥ ಅವಕಾಶ ಬಿಡುವುದುಂಟೇ? ಒಬ್ಬೊಬ್ಬರನ್ನೇ ಬಚ್ಚಲಿಗೆ ಅಟ್ಟಿದೆ. ಹಸಿಕೂದಲಿನಲ್ಲಿ ಅಳುತ್ತ ಹೊರಬಂದ ಹುಡುಗರನ್ನು ಎದುರುಮನೆಯ ಶಾಂತವ್ವ ನೋಡಿದಳು. ಒಳಗಿನ ಒದರಾಟವೂ ಅವಳಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ರೊಟ್ಟಿಯ ಗಂಟು, ಒಂದು ಡಬರಿ ಬೇಳೆ ಹಿಡಿದುಕೊಂಡು ಬಂದೇಬಿಟ್ಟಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ಊಟ ತರುತ್ತಾರೆ.

"ಯಾರ ಹೋದರವ್ವಾ?"

"ಇವರ ಹಾಡುಗಾರ. ಅಮೇರಿಕಾದಾಂವ," ಎಂದೆ. ನಕ್ಕು ರೊಟ್ಟಿ ವಾಪಸು ಒಯ್ಯುತ್ತಾಳೆ ಅಂದುಕೊಂಡೆ. ಅವಳು ಅಲ್ಲೇ ಕೂತು ಮಲ್ಲೇಶನನ್ನು ಕೇಳಿದಳು, "ವಯಸ್ಸಾಗಿತ್ತೇನಪಾ?"

"ಇಲ್ರಿ ದೊಡ್ಡವ್ವ, ಸಣ್ಣಾಂವ."

"ಹಡದಾಕಿ ಅದಾಳೇನು?"

"ಅದಾಳಂತ್ರಿ."

ಅಷ್ಟು ಸಾಕಾಯಿತು. ಶಾಂತವ್ವ ಸೆರಗು ಬಾಯಿಗೆ ಹಚ್ಚಿ, "ಹಡದಾಕೀನ ಬಿಟ್ಟು ಎಲ್ಲಿ ಹೋದ್ಯೋ ನನ್ನಪ್ಪಾ" ಎಂದು ಹಾಡಿ ಅಳಲು ಶುರುಮಾಡಿದಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹೀಗೆ ರಾಗ ಎಳೆದೇ ಅಳುವುದು. ಒಳಗೆ ಆ ಸತ್ತವನು ಒದರುತ್ತಿದ್ದ, ಹೊರಗೆ ಇವಳು. ಎರಡೂ ಒಂದೇ ಜಾತಿಯ ಹಾಡು ಎಂದು ನನಗೆ ಆಗ ಹೊಳೆಯಿತು. ಇದಕ್ಕೆ ಶಬ್ದ ತಿಳಿಯಬೇಕಾಗಿಲ್ಲ. ಸಾವಿನ ಮನೆಯಲ್ಲಿ ಶಬ್ದ ಹಿಡಿದು ಕೇಳುವವರು ಯಾರು?

ನಾನು ಕೂತೆದ್ದ ಸಾವಿನ ಮನೆಗಳು ಬೇಕಾದಷ್ಟು. ನಾಟಕದ ಅಳುವಿನವರು ಯಾರು ನೋಡುತ್ತಿದ್ದಾರೆ ಎಂದು ಸೆರಗಿನ ಸಂದಿಯಿಂದ ನೋಡುತ್ತಾರೆ. ಈ ಹುಡುಗರು ನಾನು ಬೈದರೂ ತಲೆ ಎತ್ತಿರಲಿಲ್ಲ.

"ಖರೇನ ಅತ್ರಿ," ಎಂದು ಮಗನಿಗೆ ಹೇಳಿದೆ. "ರೊಟ್ಟೀನೂ ಖರೇನ ತಿಂದ್ರಿ. ನನಗೊಂದು ಉಳಸಲಿಲ್ಲ."

"ನಾನೂನಬೇ?" ಎಂದ ಸುರೇಶ, ಮೆಲ್ಲಗೆ.

"ನೀ ಎಲ್ಲಾರಕಿಂತ ಜಾಸ್ತಿ. ಮೂಗು ಒರಸಿದ್ದು ನನ್ನ ಸೀರಿಗೆ."

ಸುರೇಶ ಮೊಬೈಲನ್ನು ಮಲ್ಲೇಶನ ಕಡೆ ಸರಿಸಿದ. ಆಮೇಲೆ, "ಹಚ್ಚಲೇ ಮಲ್ಲ್ಯಾ, ಮತ್ತೊಮ್ಮಿ," ಎಂದ. ಹಚ್ಚಿದರು. ಸಣ್ಣದಾಗಿ ಹಚ್ಚಿಕೊಳ್ಳಿ ಎಂದು ಬೈದು ನಾನು ಒಳಗೆ ಹೋದೆ.

ಆ ರೊಟ್ಟಿ ಬಂದ ದಿನದ ಮುಂದಿನದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ತಲೆಯ ಮೇಲೆ ಕೂರುತ್ತಿದ್ದರು. ನಮ್ಮ ಓಣಿಯಲ್ಲಿ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವುದಿಲ್ಲ. ಒಂದು ಹಿಡಿ ಕಡಲೆಯನ್ನಾದರೂ ಹಾಕಿ ಕೊಡಬೇಕು. ಸಾವಾದ ಮನೆಯಿಂದ ಮಾತ್ರ ಅದು ಬರಿದಾಗಿಯೇ ಹೋಗುತ್ತದೆ. ಮರುದಿನ ಮುಂಜಾನೆ ಶಾಂತವ್ವನ ಡಬರಿಯನ್ನು ಬೂದಿ ಹಚ್ಚಿ ತಿಕ್ಕಿ, ಒಂದು ಹೆಂಟೆ ಬೆಲ್ಲ ಹಾಕಿಕೊಂಡು ಹೊಸ್ತಿಲಿನಲ್ಲಿ ನಿಂತೆ. ಆಮೇಲೆ ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕಿಕೊಂಡು, ಬರಿಯ ಡಬರಿ ಕೊಟ್ಟು ಬಂದೆ.