ಫೋಟೋಕ್ಕಷ್ಟೇ ಓದುವ ಮುದುಕಿ

ಆಗ ನನಗೆ ಅರವತ್ತೇಳು. ಎರಡು ವರ್ಷದ ಹಿಂದಿನ ಮಾತು. ಇಳಕಲ್ಲಿನಲ್ಲಿ ಸೀರೆಯ ಒಡಲಿಗೆ ಸೆರಗು ಕೂಡಿಸುವ ಕೊಂಡಿ ಹಾಕುತ್ತಲೇ ಮುದುಕಿಯಾದವಳು ನಾನು. ಅಷ್ಟು ಎಳೆಗಳಲ್ಲಿ ಒಂದು ತಪ್ಪಿದರೂ ಬೆರಳಿಗೆ ಗೊತ್ತಾಗುತ್ತಿತ್ತು, ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ಈಗ ಬರೆಯುತ್ತಿರುವ ಈ ಸೊಟ್ಟ ಸಾಲುಗಳೆಲ್ಲ ಆಮೇಲೆ ಕಲಿತದ್ದು. ಓದು ಬಾರದಿರುವುದು ದುಃಖ ಅಂತ ನಾನು ಹೇಳುವುದಿಲ್ಲ, ಅದೊಂದು ಕಿರಿಕಿರಿ. ದವಾಖಾನೆಯ ಚೀಟಿ ಓದುವವಳು ಸೊಸೆ ರೇಣವ್ವ. ತನಗೆ ಬೇಕಾದಷ್ಟೇ ಹೇಳುತ್ತಿದ್ದಳು.

ಹೀಗಿರುವಾಗ ಫೋನಿನಲ್ಲೇ ಪಾಠ ಹೇಳುವ ಕಂಪನಿಯೊಂದರ ಹುಡುಗಿ ಕ್ಯಾಮೆರಾದವನನ್ನು ಕರೆದುಕೊಂಡು ಮನೆಗೆ ಬಂದಳು. ಮೊದಲು ಅವರ ಜಾಹೀರಾತಿನಲ್ಲಿ ಬರೀ ಗಂಡುಹುಡುಗರೇ ಓದುತ್ತಿದ್ದರಂತೆ. ಜನ ಬೈದರೆಂದು ಒಬ್ಬ ಹುಡುಗಿಯನ್ನೂ ನಿಲ್ಲಿಸಿದರಂತೆ, ಕೈಗೆ ಚಹಾದ ತಟ್ಟೆ ಕೊಟ್ಟು! ಮತ್ತೆ ಬೈಸಿಕೊಂಡರು. ಈಗ ಗಂಡು, ಹೆಣ್ಣು, ಮುದುಕಿ ಎಲ್ಲರೂ ಓದುವಂತೆ ಕಾಣಬೇಕಂತೆ. ನನ್ನ ಕೈಗೆ ಫೋನು ಕೊಟ್ಟರು. ಸೆರಗು ತಲೆಯ ಮೇಲಿದ್ದರೆ ಹಳೇ ಕಾಲದವಳಂತೆ ಕಾಣುತ್ತೀರಿ, ಇಳಿಸಿರಿ ಎಂದ ಅವನು. ಇಳಿಸಿದರೆ ಇಳಕಲ್ ಸೀರೆ ಅಂತ ಗೊತ್ತಾಗುವುದಿಲ್ಲ, ಹೊದೆಯಿರಿ ಎಂದಳು ಅವಳು. ನಾಲ್ಕು ಸಲ ಏರಿ ಇಳಿದು ಸೆರಗಿಗೇ ಸುಸ್ತಾಯಿತು.

"ಹೊಸಾದೇನೋ ಕಲತೀರಿ ಅಂತ ನಗ್ರಿ ಅಮ್ಮಾ," ಅಂದಳು ಹುಡುಗಿ.

"ಕಲಸಿದ ಮ್ಯಾಲ ನಗತೇನಿ. ಯಾವಾಗ ಚಾಲೂ ಮಾಡ್ತಿ?"

"ಹಂಗಲ್ರಿ... ನಮ್ಮಲ್ಲಿ ಎಂಟನೇ ಕ್ಲಾಸಿನಿಂದ ಮ್ಯಾಲಿನವ್ರಿಗಷ್ಟ ಪಾಠ ಅದಾವ್ರಿ. ನೀವು ಫೋಟೋಕ್ಕಷ್ಟ."

ನನಗೆ ತಲೆ ಕೆಟ್ಟಿತು. "ತಟ್ಟಿ ಹಿಡದಾಕಿ ಕೈಯಾಗ ಚಹಾನಾದ್ರೂ ಖರೆ ಇತ್ತಲ್ಲ ತಂಗಿ! ನನ್ನ ಕೈಯಾಗ ಏನೈತಿ? ಅ ಆ ಕಲಸೂದಿದ್ರ ಫೋಟೋ ತಗೀರಿ, ಇಲ್ಲಂದ್ರ ಈಗ ತಗದ ನನ್ನ ಮಾರೀನೂ ಅಳಿಸಿ ಏಳ್ರಿ!"

"ಸುಮ್ನ ಕುಂದರ್ರಿ ಅತ್ತಿ, ಬಂದವ್ರ ಮುಂದ ಏನಿದು," ಎಂದಳು ರೇಣವ್ವ ಒಳಗಿನಿಂದ.

"ನೀ ಚೀಟಿ ಪೂರಾ ಓದಿದ್ರ ನಾ ಯಾಕ ಒದರತಿದ್ದೆ?"

ಹುಡುಗಿ ಅಂಗಳಕ್ಕೆ ಹೋಗಿ ಯಾರಿಗೋ ಫೋನು ಹಚ್ಚಿ ಬಂದಳು. "ಸಾಹೇಬ್ರು ಹೂಂ ಅಂದಾರ್ರಿ ಅಮ್ಮಾ. ನಾಳೆ ಮುಂಜಾನೆ ಹತ್ತಕ್ಕ ಫೋನಿನಾಗ ನಾನ ನಿಮಗ ಹೇಳಿಕೊಡ್ತೇನಿ."

ಆಗ ನಕ್ಕೆ, ಫೋಟೋನೂ ಆಯಿತು. ಗೆದ್ದ ಜಂಬ ನೋಡಿ, "ಬರ್ರಿ, ನೀವೂ ಕಲೀರಿ" ಅಂತ ಸಂಜೆ ಓಣಿಗೆಲ್ಲ ಸಾರಿಬಿಟ್ಟೆ.

ಮರುದಿನ ಹತ್ತಕ್ಕೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ರೇಣವ್ವನ ಫೋನಿನ ಮುಂದೆ ಕೂತಿದ್ದರಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಅವರೆದುರು 'ಅ' ತಿದ್ದಲು ಬಾರದೆ ಬೆವರುವ ಧೈರ್ಯವಿಲ್ಲದೆ, ನಾನು ಮುಂಜಾನೆ ಆರರ ಬಸ್ಸಿಗೇ ದೂರದ ಚೊಳಚಗುಡ್ಡಕ್ಕೆ ಹೋಗಿ, ಬನಶಂಕರಿ ಗುಡಿಯ ಕಟ್ಟೆಯ ಮೇಲೆ ಕೂತು ಕರದಂಟು ತಿನ್ನುತ್ತಿದ್ದೆ.