ಹಿಂದಿನಿಂದ ಬಂದ ರೈಲು

ಬೆಳಗ್ಗೆ ಒಂಬತ್ತೂವರೆಗೆ ನೋಡಿದರೆ ಸಭಾಂಗಣದ ಹಿಂಬದಿಯ ಎರಡು ಸ್ಪೀಕರ್‌ಗಳು ಬಾಯಿ ಹೊಲಿದುಕೊಂಡು ಕೂತಿದ್ದವು. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಯ ಆಜ್ಞೆ ಕೊಟ್ಟರೆ ಒಳಗಿನ ಹೆಣ್ಣುದನಿಯೊಂದು ಸ್ಪೀಕರ್‌ಗಳ ಹೆಸರನ್ನು ಒಂದೊಂದಾಗಿ ಕೂಗುತ್ತಿತ್ತು. "ಫ್ರಂಟ್ ಲೆಫ್ಟ್" ಮುಂದಿನ ಎಡಗಡೆಯಿಂದ ಬಂತು, ಸರಿ. "ಫ್ರಂಟ್ ರೈಟ್" ಮುಂದಿನ ಬಲಗಡೆಯಿಂದ ಬಂತು, ಅದೂ ಸರಿ. "ರಿಯರ್ ಲೆಫ್ಟ್" ಎಂದು ಹಿಂದಿನಿಂದ ಕೂಗಬೇಕಾದವಳು ಮುಂದೆಯೇ ನಿಂತು ಕೂಗಿದಳು. ಕಚೇರಿಗೆ ಬಾರದೆ ಹಾಜರಿ ಹಾಕಿಸಿಕೊಳ್ಳುವವರಂತೆ, ಕಿಂಚಿತ್ತೂ ಅಳುಕಿಲ್ಲದೆ.

"ಸುಳ್ಳು ಹೇಳ್ತಿದಾಳೆ," ಎಂದ ಅಲ್ಪವಿರಾಮ.

ಅಲ್ಪವಿರಾಮ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವನ ಕಸುಬು. ಮಾತಾಡುವಾಗಲೂ ಎರಡು ಪದಕ್ಕೊಮ್ಮೆ ತಡೆದು, ಹೇಳಿದ್ದು ಸರಿಯಿದೆಯೇ ಎಂದು ನೋಡಿಕೊಂಡೇ ಮುಂದೆ ಹೋಗುತ್ತಿದ್ದ. ಹವ್ಯಾಸಿ ನಾಟಕ ತಂಡದವರು ಹಾಗಾಗಿ ಆ ಹೆಸರಿಟ್ಟರು. ಈಗ ಹೆಂಡತಿಯ ಬಾಯಲ್ಲೂ ಅದೇ. ತಂಡದ ನಾಟಕಗಳಿಗೆ ಶಬ್ದ ಕೂಡಿಸುವುದು ಅವನ ಪಾಲಿನ ಕೆಲಸ.

ಅಂದು ಮಧ್ಯಾಹ್ನ ಮೂರಕ್ಕೆ ನಾಟಕ ಸ್ಪರ್ಧೆಯಲ್ಲಿ ಅವರ ಸರದಿ. ಹಳಿಯ ಪಕ್ಕದ ಮನೆಯಲ್ಲಿ ತಂಗಿಯ ಬರವಿಗೆ ಕಾಯುವ ಕುರುಡ ಅಣ್ಣನ ಕತೆ. ಕೊನೆಯ ದೃಶ್ಯದಲ್ಲಿ ಒಂದು ಮಾತೂ ಇಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ ರೈಲು ಬರಬೇಕು, ಅವರ ತಲೆಗಳ ಮೇಲೆ ಹಾಯಬೇಕು, ರಂಗದ ಮೇಲೆ ನಿಂತ ಅಣ್ಣನನ್ನು ದಾಟಿ, ನಿಲ್ಲದೆ ಹೋಗಿಬಿಡಬೇಕು. ಅಷ್ಟೇ ನಾಟಕ. ಆ ರೈಲಿಗಾಗಿ ಅಲ್ಪವಿರಾಮ ಮೂರು ಭಾನುವಾರ ಹಳಿಯ ಬದಿಯಲ್ಲಿ ನಿಂತು, ಸದ್ದು ಮುದ್ರಿಸಿಕೊಳ್ಳುತ್ತ, ಧೂಳು ಕುಡಿದಿದ್ದ.

ಆರು ಸ್ಪೀಕರ್‌ಗಳನ್ನೂ ತಂದವನು ಅವನ ಭಾವಮೈದ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಅಲ್ಪವಿರಾಮನ ಲ್ಯಾಪ್‌ಟಾಪಿನಲ್ಲಿ ಎಲ್ಲರೂ ಬಳಸುವ ತಂತ್ರಾಂಶದ ಬದಲು ಲಿನಕ್ಸ್ ಇರುವುದು ತನ್ನ ಮನೆತನಕ್ಕೇ ಆದ ಅವಮಾನ ಎಂಬಂತೆ ಎರಡು ವರ್ಷದಿಂದ ನೊಂದುಕೊಂಡಿದ್ದ.

"ಭಾವ, ನನ್ನ ಲ್ಯಾಪ್‌ಟಾಪ್ ತಗೊಳ್ಳಿ. ವೈರು ಚುಚ್ಚಿದ್ರೆ ಮುಗೀತು."

"ಬೇಡ."

"ಯಾಕಿಷ್ಟು ಹಠ?"

"ಹಠ ಅಲ್ಲ, ತತ್ವ. ನನ್ನ ಯಂತ್ರ, ನಾನು ಹೇಳಿದ ಹಾಗೆ ಕೇಳಬೇಕು."

"ಎಲ್ಲಿ ಕೇಳ್ತಿದೆ?"

ಅಲ್ಪವಿರಾಮ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಬೆಂಕಿಪೊಟ್ಟಣದಷ್ಟು ಸೌಂಡ್ ಕಾರ್ಡಿನ ಕಡೆ ಬಗ್ಗಿದ. ಅದರಲ್ಲಿ ಮೂರು ತೂತು: ಹಸಿರು, ಕಪ್ಪು, ಕಿತ್ತಳೆ. ಮೂರರಲ್ಲೂ ವೈರು ಸರಿಯಾಗಿಯೇ ಕೂತಿತ್ತು.

ಅಷ್ಟು ಹೊತ್ತಿಗೆ ನಿರ್ದೇಶಕರು ಬಂದರು. ಉಳಿದ ದಿನಗಳಲ್ಲಿ ಅವರು ಔಷಧಿ ಅಂಗಡಿಯ ಯಜಮಾನರು, ಆದ್ದರಿಂದ ಯಾವ ಕಾಯಿಲೆಗೂ ಅವರಲ್ಲಿ ಸಲಹೆಯಿತ್ತು. ಕುರುಡ ಅಣ್ಣನ ಪಾತ್ರವೂ ಅವರದೇ. ಮುಖದ ಅರ್ಧಕ್ಕೆ ಬಣ್ಣ ಹಚ್ಚಿಸಿಕೊಂಡು ಎದ್ದು ಬಂದಿದ್ದರಿಂದ ಒಂದು ಕಡೆಯಿಂದ ಮೂವತ್ತು, ಇನ್ನೊಂದು ಕಡೆಯಿಂದ ಅರವತ್ತು ವರ್ಷದವರಂತೆ ಕಾಣುತ್ತಿದ್ದರು.

"ಏನಯ್ಯಾ, ರೈಲು ಎಲ್ಲಿಗೆ ಬಂತು?"

"ಮುಂದೆ ಬಂದಿದೆ, ಸಾರ್. ಹಿಂದಕ್ಕೆ, ಹೋಗ್ತಾ ಇಲ್ಲ."

"ಒಂದು ಗಂಟೆ ಹೊಡೆಯೋದ್ರೊಳಗೆ ಹೋಗಬೇಕು. ಇಲ್ದಿದ್ರೆ ನಿನ್ನ ಭಾವಮೈದನ ಲ್ಯಾಪ್‌ಟಾಪು, ನೀನು ಬಾಗಿಲಲ್ಲಿ ಟಿಕೆಟ್ ಹರಿಯೋದು."

"ಹಿಂದಿನ ಸ್ಪೀಕರ್ ಮಾತಾಡದಿದ್ರೆ, ನಾನೇ ಹೋಗಿ ಹರೀತೀನಿ, ಸಾರ್. ಯಾರೂ ಕಳಿಸೋದು ಬೇಡ," ಎಂದ ಅಲ್ಪವಿರಾಮ.

ಆಮೇಲೆ ಶುರುವಾಯಿತು ಉಪಕಾರ. ಏಣಿಯ ಮೇಲಿದ್ದ ದೀಪದಣ್ಣ, ಎಂದರೆ ತಂಡದ ಬೆಳಕಿನವನು, ಇಳಿದು ಬಂದು ಕಪ್ಪು ತೂತಿನ ವೈರನ್ನು ಹಸಿರಿಗೂ ಹಸಿರಿನದನ್ನು ಕಪ್ಪಿಗೂ ಬದಲಿಸಿದ. ಈಗ ಹಿಂದಿನವು ಮಾತಾಡಿದವು, ಮುಂದಿನವು ಸತ್ತವು. "ನೋಡು, ಬಂತಲ್ಲ," ಎಂದು ಕೈ ಒರೆಸಿಕೊಂಡು ಏಣಿ ಹತ್ತಿದ. ಬಣ್ಣ ಹಚ್ಚುವ ಅಕ್ಕ ಬಂದು ಸೌಂಡ್ ಕಾರ್ಡನ್ನು ಕಿವಿಯ ಹತ್ತಿರ ಹಿಡಿದು ಗಿಲಕಿಯಂತೆ ಅಲ್ಲಾಡಿಸಿದಳು. "ಒಳಗೇನೂ ಸಡಿಲ ಆಗಿಲ್ಲ ಕಣಪ್ಪ," ಎಂದು ವರದಿ ಕೊಟ್ಟಳು. ಅದರ ಮೈತುಂಬ ಮುಖಕ್ಕೆ ಹಚ್ಚುವ ಕೆಂಪು ಮೆತ್ತಿಕೊಂಡಿತ್ತು.

ನಿರ್ದೇಶಕರು ಫೋನಿನಲ್ಲಿ ಹುಡುಕಿ ಒಂದು ಪರಿಹಾರ ತೆಗೆದರು. ಹನ್ನೆರಡು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ, ಇದೇ ಕಷ್ಟದಲ್ಲಿದ್ದ ಇನ್ಯಾವನಿಗೋ ಬರೆದದ್ದು. ಅಲ್ಪವಿರಾಮ ನೀರು ಕುಡಿಯಲು ಎದ್ದ ಎರಡು ನಿಮಿಷದಲ್ಲಿ ಅವರು ಅದನ್ನು ಅಕ್ಷರ ಅಕ್ಷರ ನೋಡಿ ಟೈಪು ಮಾಡಿದರು. ಗುಪ್ತಪದ ಕೇಳಿದಾಗ ಭಾವಮೈದ, "ಅಕ್ಕನ ಹೆಸರು ಹಾಕಿ," ಎಂದ. ಅದೇ ಆಗಿತ್ತು.

ಪರದೆಯ ಮೇಲೆ ಸಾಲುಗಳು ಇರುವೆಗಳಂತೆ ಓಡಿದವು. ಕೊನೆಗೆ ನಿಂತವು. ಅಲ್ಪವಿರಾಮ ಬಂದು ನೋಡುವಷ್ಟರಲ್ಲಿ ಲ್ಯಾಪ್‌ಟಾಪಿನ ಧ್ವನಿ ವ್ಯವಸ್ಥೆಯೇ ಬುಡಸಮೇತ ಕಿತ್ತುಹೋಗಿತ್ತು. ಈಗ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

"ಒಂದು ವಿಷಯ ಒಳ್ಳೇದಾಯ್ತು," ಎಂದರು ನಿರ್ದೇಶಕರು. "ಸುಳ್ಳು ಹೇಳೋದು ನಿಂತಿತು."

ಹನ್ನೊಂದೂ ಮುಕ್ಕಾಲು. ಭಾವಮೈದ ಚೀಲದಿಂದ ತನ್ನ ಲ್ಯಾಪ್‌ಟಾಪು ತೆಗೆದು, ಬಟ್ಟೆಯಿಂದ ಒರೆಸಿ, ಮೇಜಿನ ಮೇಲಿಟ್ಟ. ಅಲ್ಪವಿರಾಮ ತನ್ನ ಲ್ಯಾಪ್‌ಟಾಪನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡ. ಹತ್ತೊಂಬತ್ತು ವರ್ಷ ಅವನು ಬೇರೆಯವರ ತಪ್ಪು ತಿದ್ದಿದ್ದ. ತಿದ್ದಿದವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಈ ರೈಲೊಂದು ಅವನದು.

"ಎಲ್ಲರೂ, ಹೊರಗೆ ಹೋಗಿ," ಎಂದ.

"ಏನಂದೆ?" ಎಂದರು ನಿರ್ದೇಶಕರು.

"ಹೊರಗೆ ಅಂದೆ. ಏಣಿ ಮೇಲಿರೋ ಅಣ್ಣ ಅಲ್ಲೇ ಇರ್ಲಿ, ಆದ್ರೆ ಇಳಿಯೋ ಹಾಗಿಲ್ಲ."

ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಆ ಆಶ್ಚರ್ಯಕ್ಕೇ ಹೊರಗೆ ಹೋದರು.

ಕಿತ್ತುಹೋದದ್ದನ್ನು ಫೋನಿನ ಇಂಟರ್ನೆಟ್ಟಿನಿಂದ ಇಳಿಸಿ ಮತ್ತೆ ಕೂರಿಸಿದ. ಆಮೇಲೆ ಆ ಗದ್ದಲದಲ್ಲೂ ಹೇಗೋ ಉಳಿದುಕೊಂಡಿದ್ದ, ಧ್ವನಿಯ ಹೊಂದಿಕೆಗಳನ್ನು ಬರೆದಿರುವ ಕಡತ ತೆರೆದು, ಅಂಗಿಯ ಕಿಸೆಯಿಂದ ಕನ್ನಡಕ ತೆಗೆದು, ಕರಡು ಓದುವಂತೆ ಮೊದಲ ಅಕ್ಷರದಿಂದ ಓದತೊಡಗಿದ. ಎಷ್ಟು ಸ್ಪೀಕರು ಎಂಬ ಸಾಲಿನಲ್ಲಿ ಎರಡು ಎಂದಿದ್ದದ್ದನ್ನು ಹಿಂದಿನ ದಿನವೇ ಆರು ಎಂದು ತಿದ್ದಿದ್ದ. ಆರು ಇತ್ತು. ಆದರೆ ಸಾಲಿನ ಮೊದಲಿಗೆ, ಗೋಡೆಯ ಮೇಲೆ ಕೂತ ಸೊಳ್ಳೆಯಂತೆ, ಒಂದು ಅರ್ಧವಿರಾಮ ಚಿಹ್ನೆಯಿತ್ತು. ಅದು ಮುಂದಿದ್ದರೆ ಯಂತ್ರ ಆ ಸಾಲನ್ನು ಓದುವುದೇ ಇಲ್ಲ.

ಅಲ್ಪವಿರಾಮನ ಮುಖ ಕಿವಿಯವರೆಗೆ ಕೆಂಪಾಯಿತು. ಬೇರೆ ಯಾರ ಕಣ್ಣಿಗಾದರೂ ತಪ್ಪಬಹುದಿತ್ತು. ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿ ಅದನ್ನು ಅಳಿಸಿದ. ಧ್ವನಿ ವ್ಯವಸ್ಥೆಯನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ, ವೈರುಗಳನ್ನು ಮೊದಲಿನಂತೆ ಚುಚ್ಚಿದ, ಪರೀಕ್ಷೆಯ ಆಜ್ಞೆ ಕೊಟ್ಟ.

"ರಿಯರ್ ಲೆಫ್ಟ್."

ಏಣಿಯ ಮೇಲಿದ್ದ ದೀಪದಣ್ಣ ಗಕ್ಕನೆ ಹಿಂತಿರುಗಿ ನೋಡಿದ. "ಯಾರಮ್ಮ ಅದು?" ಎಂದ.

ಮೂರೂ ಐವತ್ತಕ್ಕೆ ಕೊನೆಯ ದೃಶ್ಯ ಬಂತು. ನಿರ್ದೇಶಕರು ಕೋಲೂರಿ ನಿಂತಿದ್ದರು. ಅಲ್ಪವಿರಾಮ ಗುಂಡಿ ಒತ್ತಿದ. ಮೊದಲು ಎಲ್ಲೋ ದೂರದಲ್ಲಿ ಒಂದು ಸೀಟಿ. ಆಮೇಲೆ ಹಿಂದಿನ ಬಾಗಿಲಾಚೆಯಿಂದ ಗಡಗಡ ಸದ್ದು, ಹತ್ತಿರ, ಇನ್ನೂ ಹತ್ತಿರ. ಕೊನೆಯ ಸಾಲಿನವರು ಕಾಲು ಒಳಗೆಳೆದುಕೊಂಡರು. ಕುರ್ಚಿಗಳ ತಳದಲ್ಲಿ ನಡುಕ ಹಾದುಹೋಯಿತು. ರೈಲು ಮುಂದೆ ಬಂತು, ಅಣ್ಣನ ಮುಖ ಅದನ್ನು ಹಿಂಬಾಲಿಸಿ ತಿರುಗಿತು, ಸದ್ದು ನಿಲ್ಲದೆ ದೂರವಾಯಿತು. ಸಭಾಂಗಣದಲ್ಲಿ ಯಾರೋ ಮೂಗು ಸೀಟಿದರು. ಅಲ್ಪವಿರಾಮನ ಕೈ ಬೆವರಿತ್ತು, ಕಣ್ಣೂ ಸ್ವಲ್ಪ ಬೆವರಿತ್ತು.

ಆರು ಗಂಟೆಗೆ ಫಲಿತಾಂಶ. ಮುಖ್ಯ ತೀರ್ಪುಗಾರ್ತಿ ಪರ ಊರಿನಿಂದ ಬಂದ ನಿವೃತ್ತ ಅಧ್ಯಾಪಕಿ, ಮೂಗಿನ ತುದಿಯಲ್ಲಿ ಕನ್ನಡಕ.

"ಈ ತಂಡದ ಕೊನೆಯ ದೃಶ್ಯದಲ್ಲಿ ಒಂದು ಅನಿರೀಕ್ಷಿತ ಅಡಚಣೆ ಆಯಿತು," ಎಂದು ಓದಿದರು. "ಸಭಾಂಗಣದ ಹಿಂದೆ ನಿಜವಾದ ರೈಲೊಂದು ಹಾದುಹೋಯಿತು. ಆದರೂ ಪ್ರಧಾನ ಪಾತ್ರಧಾರಿ ಗಾಬರಿಯಾಗದೆ, ಸಮಯಸ್ಫೂರ್ತಿಯಿಂದ ಅದನ್ನೇ ಅಭಿನಯಕ್ಕೆ ಬಳಸಿಕೊಂಡರು. ಉತ್ತಮ ನಟ ಪ್ರಶಸ್ತಿ ಅವರಿಗೆ. ಧ್ವನಿ ವಿಭಾಗದಲ್ಲಿ ತಂಡ ಏನನ್ನೂ ಒದಗಿಸಿರಲಿಲ್ಲ. ಸೊನ್ನೆ."

ಧ್ವನಿಯ ಬಹುಮಾನ ತಗಡು ಬಡಿದು ಗುಡುಗು ಬರಿಸಿದ ಇನ್ನೊಂದು ತಂಡಕ್ಕೆ ಹೋಯಿತು. ಅವರ ಶ್ರಮ ಎದ್ದು ಕಾಣುತ್ತಿತ್ತಂತೆ.

ಅಲ್ಪವಿರಾಮ ಎದ್ದು ನಿಂತ. "ಆ ರೈಲು ನಂದು, ಮೇಡಂ."

ನಿರ್ದೇಶಕರು ಅವನ ಅಂಗಿಯ ಚುಂಗು ಹಿಡಿದೆಳೆದರು. "ಸುಮ್ನೆ ಕೂತ್ಕೊಳಯ್ಯಾ. ನನ್ನ ಸಮಯಸ್ಫೂರ್ತಿಗೆ ಯಾಕೆ ಕಲ್ಲು ಹಾಕ್ತೀಯ?"

ಅವನು ಕೂರಲಿಲ್ಲ. ಲ್ಯಾಪ್‌ಟಾಪು ಎತ್ತಿಕೊಂಡು ವೇದಿಕೆ ಹತ್ತಿದ. "ಬೇಕಾದ್ರೆ, ಈಗಲೇ ಕೇಳಿಸ್ತೀನಿ."

"ಕೇಳಿಸಿ," ಎಂದರು ತೀರ್ಪುಗಾರ್ತಿ.

ಆಗ ಅವನಿಗೆ ಕಂಡದ್ದು, ಸಭಾಂಗಣದ ಮೂಲೆಗಳು ಖಾಲಿ. ಇನ್ನೊಂದು ಕಡೆ ಬಾಡಿಗೆಗೆ ಒಪ್ಪಿಕೊಂಡಿದ್ದ ಭಾವಮೈದ ಆರೂ ಸ್ಪೀಕರ್ ಬಿಚ್ಚಿ ಆಗಲೇ ವ್ಯಾನಿಗೆ ತುಂಬಿ ಕಳಿಸಿದ್ದ. ಬೇರೆ ದಾರಿಯಿಲ್ಲದೆ ಅಲ್ಪವಿರಾಮ ಹಾಗೆಯೇ ಗುಂಡಿ ಒತ್ತಿದ. ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನಿಂದ ರೈಲು ಹೊಲಿಗೆ ಯಂತ್ರದಂತೆ ಟಕಟಕ ಎಂದಿತು. ಜನ ನಕ್ಕರು.

"ನಾವು ಕೇಳಿದ್ದು ಇದಲ್ಲ," ಎಂದರು ತೀರ್ಪುಗಾರ್ತಿ ಮೃದುವಾಗಿ. "ನಿಜವಾದ ರೈಲು ಹೇಗಿರುತ್ತೆ ಅಂತ ನಮಗೆ ಗೊತ್ತಿಲ್ವೇನ್ರೀ?"

ಬಾಗಿಲಲ್ಲಿ ನಿಂತಿದ್ದ ಸಭಾಂಗಣದ ಕಾವಲುಗಾರ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಈ ಊರಿಗೆ ರೈಲೇ ಇಲ್ಲ. ಹಳಿ ನೋಡಬೇಕಂದ್ರೆ ಬಸ್ಸಲ್ಲಿ ಒಂದೂವರೆ ಗಂಟೆ ಹೋಗ್ಬೇಕು."

ಅಲ್ಪವಿರಾಮನ ಎದೆ ಒಂದಿಷ್ಟು ಮುಂದೆ ಬಂತು. ಮೂವರು ತೀರ್ಪುಗಾರರು ತಲೆ ಕೂಡಿಸಿ ಪಿಸುಗುಟ್ಟಿದರು. ಮುಖ್ಯ ತೀರ್ಪುಗಾರ್ತಿ ಕನ್ನಡಕ ಮೇಲೇರಿಸಿ ಮೈಕಿನ ಮುಂದೆ ಬಂದರು.

"ಹಳಿಯೇ ಇಲ್ಲ ಅಂದ ಮೇಲೆ ರೈಲು ಬಂದಿಲ್ಲ ಅಂತ ಆಯ್ತು. ಬರದೇ ಇರೋ ರೈಲಿಗೆ ಅಂಕ ಕೊಡೋಕೆ ನಿಯಮದಲ್ಲಿ ಅವಕಾಶ ಇಲ್ಲ," ಎಂದು ಹೇಳಿ, ಸಹಿ ಮಾಡಿದ್ದ ಹಾಳೆಯನ್ನು ಮಡಿಸಿದರು.

ಹೊರಗೆ ಮೆಟ್ಟಿಲ ಮೇಲೆ ನಿರ್ದೇಶಕರು ಪ್ರಶಸ್ತಿಯ ಫಲಕ ಹಿಡಿದು ಎಲ್ಲರಿಗೂ ಸಮಯಸ್ಫೂರ್ತಿ ಎಂದರೇನೆಂದು ವಿವರಿಸುತ್ತಿದ್ದರು. ಭಾವಮೈದ ಮೆಲ್ಲಗೆ ಪಕ್ಕಕ್ಕೆ ಬಂದ.

"ಭಾವ, ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಮುಂದಿನ ಎರಡೇ ಸ್ಪೀಕರ್ ಇಡಿ. ಸ್ವಲ್ಪ ಕರಕರ ಅನ್ನಿಸಿ. ಆಗ ಯಾರೋ ಕಷ್ಟಪಟ್ಟಿದಾರೆ ಅಂತ ಅವ್ರಿಗೂ ಗೊತ್ತಾಗುತ್ತೆ."

"ಆಗಲ್ಲ," ಎಂದ ಅಲ್ಪವಿರಾಮ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಬಿಗಿ ಮಾಡಿಕೊಂಡು. "ಮುಂದಿನ ಸಲ ವಿಮಾನ. ಅವ್ರ ತಲೆ ಮೇಲೇ ಇಳಿಸ್ತೀನಿ. ಸೊನ್ನೆ ಕೊಡೋದಕ್ಕೂ ಅವ್ರು ಕುರ್ಚಿ ಕೆಳಗಿಂದ ಎದ್ದು ಬರಬೇಕು."